ಭಟ್ಟಿಯ ಹಿಂದಿನ ಗೋಡೆ

ಆ ಬೇಕರಿಯಲ್ಲಿ ಮೈದಾ ಮೂಟೆಗಳನ್ನು ಇಡಬಾರದ ಜಾಗದಲ್ಲಿ ಇಟ್ಟಿದ್ದರು. ಹಿಟ್ಟಿಗೆ ತಂಪು ಬೇಕು, ಗಾಳಿ ಆಡಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಎನ್ನುವುದು ಬೇಕರಿಯ ಹೊಸ್ತಿಲು ತುಳಿದವರಿಗೆಲ್ಲ ಮೊದಲ ವಾರದಲ್ಲೇ ಗೊತ್ತಾಗುವ ಮಾತು. ಆದರೂ ಇಲ್ಲಿ ಮೂಟೆಗಳು ಭಟ್ಟಿಯ ಹಿಂದಿನ ಗೋಡೆಗೆ, ಹಗಲೆಲ್ಲ ಬೆಚ್ಚಗಿರುವ ಇಟ್ಟಿಗೆ ಗೋಡೆಗೆ, ಆತುಕೊಂಡು ನಿಂತಿದ್ದವು. ಭಟ್ಟಿ ನೋಡಿಕೊಳ್ಳುವವನನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು. ಸದಾ ಕೆಂಪಗಿರುವ ಕಣ್ಣಿಗೆ ಆ ಹೆಸರು ಬಂತೋ, ಸುಡುವ ನಾಲಿಗೆಗೆ ಬಂತೋ, ಅವನಿಗೇ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಲಾಗಾಯ್ತು ಅವನು ಹೇಳುತ್ತಲೇ ಇದ್ದ, ಆ ಮೂಟೆಗಳನ್ನು ಆಚೆ ಕೋಣೆಗೆ ಹಾಕಿಸಿ ಅಂತ. ಯಜಮಾನಿಯದು ಒಂದೇ ಉತ್ತರ: ಹುಳ ಬಿದ್ದರೆ ಜರಡಿ ಹಿಡಿದರಾಯಿತು.

ಯಜಮಾನಿ ಎಂದರೆ ದೊಡ್ಡಮ್ಮ. ಬೇಕರಿಯಲ್ಲಿ ಎಲ್ಲರೂ ಪಾದರಸ ಎಂದು ಕರೆಯುವವಳ ತಾಯಿಗೆ ಅಕ್ಕ. ತಂಗಿ ಸತ್ತ ಮೇಲೆ ಲಂಗದ ವಯಸ್ಸಿನ ಹುಡುಗಿಯನ್ನು ಕರೆತಂದು, ಹಿಟ್ಟಿನ ಧೂಳಿನಲ್ಲೇ ಬೆಳೆಸಿ, ಅಲ್ಲೇ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ ಒಳ್ಳೆಯ ಗಂಡಿಗೆ ಕೊಟ್ಟು, ಮಗಳು ಅಳಿಯ ಇಬ್ಬರನ್ನೂ ಒಂದೇ ಕಲ್ಲಿನಲ್ಲಿ ಹೊಡೆದುಕೊಂಡಳು ಎಂದು ಕೆಂಡ ನಗೆಯಾಡುತ್ತಿದ್ದ. ದೊಡ್ಡಮ್ಮನಿಗೆ ಸ್ವಂತ ಮಕ್ಕಳಿರಲಿಲ್ಲ.

ಪಾದರಸ ಎನ್ನುವ ಹೆಸರನ್ನು ಕೊಟ್ಟದ್ದು ಹಿಟ್ಟಿನ ಕೋಣೆ. ಭಟ್ಟಿಯ ಪಕ್ಕದ ಕಿರಿದಾದ ಆ ಕೋಣೆಯಲ್ಲಿ, ಕಲಸಿ ಅಚ್ಚಿಗೆ ತುಂಬಿದ ಹಿಟ್ಟು ಹಲಗೆಗಳ ಮೇಲೆ ಕೂತು ಉಬ್ಬಬೇಕು. ಕೋಣೆ ತಣ್ಣಗಾದರೆ ಹಿಟ್ಟು ಮುನಿಸಿಕೊಂಡ ಮಗುವಿನ ಹಾಗೆ ಮುದುರಿ ಕೂರುತ್ತದೆ. ಬಿಸಿ ಹೆಚ್ಚಾದರೆ ಹೊಗಳಿಕೆ ಕೇಳಿದವರ ಹಾಗೆ ಉಬ್ಬಿ, ಭಟ್ಟಿಯ ಬಾಯಿಗೆ ಬರುವ ಹೊತ್ತಿಗೆ ಕುಸಿಯುತ್ತದೆ. ಯಾರೋ ಮೈದಾ ವ್ಯಾಪಾರಿ ಕೊಟ್ಟ ಉಷ್ಣಮಾಪಕ ಒಂದು ಕಾಲದಲ್ಲಿ ಗೋಡೆಯ ಮೇಲಿತ್ತು. ಅದು ಕೆಟ್ಟು ಒಂದೇ ಅಂಕಿಯ ಮೇಲೆ ನಿಂತಮೇಲೆ ಅದರ ಮೊಳೆಗೆ ಕೆಂಡ ತನ್ನ ಟೋಪಿ ನೇತುಹಾಕುತ್ತಿದ್ದ. ಯಾರಿಗೂ ಅದರ ಕೊರತೆ ಕಾಣಲಿಲ್ಲ. ಪಾದರಸ ಒಳಗೆ ಹೋಗಿ, ತೋಳಿನ ಒಳಬದಿಯನ್ನು ಗಾಳಿಗೆ ಒಡ್ಡಿ, ಮಗುವಿನ ಹಾಲಿನ ಬಿಸಿ ನೋಡುವ ತಾಯಿಯ ಹಾಗೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಮೇಲಿನ ಕಿಟಕಿ ನಾಲ್ಕು ಬೆರಳು ತೆಗೆಯಬೇಕೋ, ಮೂಲೆಯಲ್ಲಿ ಇನ್ನೊಂದು ಪಾತ್ರೆ ಕುದಿನೀರು ಇಡಬೇಕೋ ಅವಳು ಹೇಳಿದ್ದೇ ಮಾತು. ಅವಳಿಗಿಂತ ಮುಂಚೆ ಆ ಕೆಲಸ ದೊಡ್ಡಮ್ಮನದಾಗಿತ್ತು. ತನ್ನ ಚರ್ಮ ಒಣಗಿತು, ಸುಳ್ಳು ಹೇಳಲು ಶುರು ಮಾಡಿತು ಎಂದು ಒಂದು ದಿನ ಅವಳೇ ಕೋಣೆ ಬಿಟ್ಟುಕೊಟ್ಟು ಗಲ್ಲಾದ ಮುಂದೆ ಹೋಗಿ ಕೂತಳು. ಕೋಣೆ ಯಾರ ಕೈಯಲ್ಲಿದೆಯೋ ನಾಳೆ ಬೇಕರಿಯೂ ಅವರ ಕೈಗೇ ಎಂದು ಅವತ್ತು ಎಲ್ಲರ ಮುಂದೆ ಅಂದಿದ್ದಳು. ದೊಡ್ಡಮ್ಮ ಆಡಿದ ಮಾತು ತಪ್ಪುವವಳಲ್ಲ. ಅದೇ ಅವಳ ಗುಣ, ಅದೇ ಅವಳ ದೋಷ.

ಈ ಪಾದರಸಕ್ಕೆ ತಿಂಗಳ ಆ ದಿನಗಳು ಬಂದರೆ ಮಾತ್ರ ಯಾರೂ ಏನೂ ಕೇಳುವಂತಿರಲಿಲ್ಲ. ಒದ್ದೆ ಬಟ್ಟೆಯನ್ನು ಹಿಡಿದು ಹಿಂಡಿದ ಹಾಗೆ ಕಿಬ್ಬೊಟ್ಟೆ, ಸೊಂಟ ಕಿತ್ತು ತೊಡೆಗೆ ಇಳಿದ ಹಾಗೆ ನೋವು. ಬರಬರುತ್ತಾ ಅದಕ್ಕೆ ದಿನದ ಲೆಕ್ಕವೂ ತಪ್ಪಿತು. ಕಕ್ಕಸಿಗೆ ಕೂತರೆ ನೋವು, ಗಂಡ ಹತ್ತಿರ ಬಂದರೆ ನೋವು. ಅವಳಿಗೆ ಗೊತ್ತಿದ್ದ ಔಷಧ ಒಂದೇ: ಭಟ್ಟಿಯ ಹಿಂದಿನ ಗೋಡೆ. ಮೂಟೆಗಳ ನಡುವೆ ಒಬ್ಬ ಹೆಂಗಸು ಕೂರುವಷ್ಟು ಸಂದಿತ್ತು. ಅಲ್ಲಿ ನುಸುಳಿ, ಸೊಂಟವನ್ನು ಬೆಚ್ಚನೆ ಇಟ್ಟಿಗೆಗೆ ಒತ್ತಿ, ಮೊಣಕಾಲು ಎದೆಗೆ ಎಳೆದುಕೊಂಡು ಕೂರುವುದು. ಅವಳು ಮೊದಲ ಸಲ ಮುಟ್ಟಾಗಿ ಅತ್ತಾಗ ದೊಡ್ಡಮ್ಮನೇ ಕೈ ಹಿಡಿದು ತಂದು ಆ ಸಂದಿನಲ್ಲಿ ಕೂರಿಸಿದ್ದಳು. ಹೆಣ್ಣಾಗಿ ಹುಟ್ಟಿದ ಮೇಲೆ ಎಲ್ಲರಿಗೂ ಇದ್ದದ್ದೇ, ಇದನ್ನೆಲ್ಲ ಡಂಗುರ ಹೊಡೆಯಬಾರದು ಅಂದಿದ್ದಳು. ಆ ಮಾತನ್ನು ಪಾದರಸ ನಂಬಿದಳು. ಬೇರೆ ಹೆಂಗಸರು ಇಷ್ಟು ನೋವಿಟ್ಟುಕೊಂಡು ನಗುತ್ತಾ ಓಡಾಡುತ್ತಾರಲ್ಲ, ತಾನೇ ಕೈಲಾಗದವಳು ಎಂದೂ ನಂಬಿದಳು.

ಅಚ್ಚುಗಳ ಹಲಗೆ ಎತ್ತಿಕೊಂಡು ಬರುತ್ತಾ ಅವಳು ನೆಲಕ್ಕೆ ಬಿದ್ದ ದಿನ, ಗಂಡ ಯಾರನ್ನೂ ಕೇಳಲಿಲ್ಲ. ಬ್ರೆಡ್ಡಿನ ವ್ಯಾನಿನಲ್ಲೇ, ಟ್ರೇಗಳ ನಡುವೆ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದ. ಅಲ್ಲಿದ್ದ ಡಾಕ್ಟರಮ್ಮ ಅವಸರದವರಾದರೂ ಮಾತು ಬಿಡಿಸಿ ಹೇಳುವವರು. ಸ್ಕ್ಯಾನಾಯಿತು, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮರಾ ಇಳಿಸಿ ನೋಡಿದ್ದಾಯಿತು. ಎಂಡೋಮೆಟ್ರಿಯೋಸಿಸ್ ಅಂದರು. ಗರ್ಭಕೋಶದ ಒಳಗೆ ಇರಬೇಕಾದಂಥ ಪದರವೇ ಹೊರಗೆಲ್ಲ ಅಲ್ಲಲ್ಲಿ ಬೆಳೆದಿದೆ. ತಿಂಗಳು ತಿಂಗಳೂ ಅದೂ ರಕ್ತ ಸುರಿಸುತ್ತದೆ, ಹೊರಬರಲು ದಾರಿಯಿಲ್ಲದೆ ಒಳಗೇ ಊದಿ, ಅಂಗಕ್ಕೆ ಅಂಗ ಅಂಟಿಸುತ್ತದೆ. ಕೈಗೆ ಸಿಕ್ಕಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಮತ್ತೆ ಬೆಳೆಯದ ಹಾಗೆ ಮಾತ್ರೆ ಕೊಡುತ್ತೇನೆ ಎಂದರು. ಆ ಮಾತ್ರೆ ಅರ್ಧ ನೋವು ತೆಗೆಯಿತು, ಆದರೆ ದಿನಾ ಹನಿ ಹನಿ ರಕ್ತ, ಕಾರಣವಿಲ್ಲದೆ ಅಳು. ಆಗ ಡಾಕ್ಟರಮ್ಮ ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ನಿಗೆ ಬಂದರು.

"ನೀವು ಬೇಕರಿಯವರಲ್ವಾ, ಹೀಗೆ ತಿಳ್ಕೊಳ್ಳಿ," ಅಂದರು. "ಆ ಪದರ ಒಂದು ಬೆಂಕಿ. ನಿಮ್ಮ ಅಂಡಾಶಯ ಅದಕ್ಕೆ ಸೌದೆ ಹಾಕ್ತಾ ಇದೆ. ಈ ಇಂಜೆಕ್ಷನ್ ಸೌದೆ ಹಾಕೋ ಕೈಯನ್ನ ಕೆಲವು ತಿಂಗಳು ಹಿಡ್ಕೊಳ್ಳುತ್ತೆ. ಮುಟ್ಟು ನಿಲ್ಲುತ್ತೆ, ನೋವು ಇಳಿಯುತ್ತೆ."

ಮೊದಲೆರಡು ವಾರ ನೋವು ಹೆಚ್ಚಾದರೆ ಹೆದರಬೇಡಿ ಎಂದರು. ಮೈ ಬಿಸಿಯೇರಬಹುದು, ನಿದ್ದೆ ಕೆಡಬಹುದು, ಮೂಳೆ ಸವೆಯದ ಹಾಗೆ ನೋಡಿಕೊಳ್ಳಬೇಕು, ಅದಕ್ಕೇ ಜೊತೆಗೆ ದಿನಾ ಒಂದು ಸಣ್ಣ ಮಾತ್ರೆ, ಇಂಜೆಕ್ಷನ್ ನಿಲ್ಲಿಸಿದ್ದನ್ನೇ ಚೂರು ವಾಪಸು ಕೊಡುವಂಥದ್ದು, ಮರೆಯದೆ ನುಂಗಿ ಎಂದೂ ಹೇಳಿದರು. ಪಾದರಸ ತಲೆಯಾಡಿಸಿದಳು. ಮನೆಗೆ ಬಂದು ಯೋಚಿಸಿದರೆ ಅದು ಅವಳ ಬುದ್ಧಿಗೆ ಒಪ್ಪಲಿಲ್ಲ. ಸೌದೆ ನಿಲ್ಲಿಸಬೇಕು ಅಂದವರು ಅವರೇ, ದಿನಾ ಒಂದು ಚಕ್ಕೆ ಇಡು ಅನ್ನುವವರೂ ಅವರೇ. ಆರಿಸಲು ಹೊರಟ ಬೆಂಕಿಗೆ ಯಾರಾದರೂ ಚಕ್ಕೆ ಇಡುತ್ತಾರೆಯೇ? ಭಟ್ಟಿಯ ಹತ್ತಿರ ಬೆಳೆದವಳಿಗೆ ಬೆಂಕಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಮಾತ್ರೆಯ ಪಟ್ಟಿಯನ್ನು ಗುಂಡಿ ಸೂಜಿ ಇಡುವ ಡಬ್ಬಿಗೆ ಹಾಕಿ ಮುಚ್ಚಿದಳು.

ದೊಡ್ಡಮ್ಮನಿಗೆ ಮಾತ್ರ ಇದು ಯಾವುದೂ ತಿಳಿಯಲಿಲ್ಲ. ಹೊಟ್ಟೆಯಲ್ಲಿ ಗಡ್ಡೆಯಂಥದ್ದೇನೋ ಇತ್ತು ತೆಗೆದರು, ರಕ್ತ ಕಡಿಮೆಯಿದೆ, ಶಕ್ತಿಯ ಇಂಜೆಕ್ಷನ್ ಕೊಡುತ್ತಾರೆ ಎಂದು ಪಾದರಸ ಹೇಳಿದಳು. ಹರಿಯುವ ನೀರು ನಿಲ್ಲಿಸಿದರೆ ನಾರುತ್ತದೆ ಎನ್ನುವ ಹೆಂಗಸಿಗೆ, ನಾನು ಮುಟ್ಟನ್ನೇ ನಿಲ್ಲಿಸಿಕೊಂಡಿದ್ದೇನೆ ಎಂದು ಹೇಳುವುದು ಹೇಗೆ? ಗಂಡನಿಗೂ ಬಾಯಿಗೆ ಬೀಗ ಹಾಕಿಸಿದಳು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಆಸ್ಪತ್ರೆಯ ಮಾತು ಬಂದಾಗಲೆಲ್ಲ ವ್ಯಾನಿನ ಟೈರು ನೋಡಲು ಹೊರಗೆ ಹೋಗುತ್ತಿದ್ದ. ಅಷ್ಟು ಆರೈಕೆ ಕಂಡ ಟೈರು ಊರಲ್ಲೇ ಬೇರೆ ಇರಲಿಲ್ಲ.

ಮೊದಲ ಇಂಜೆಕ್ಷನ್ ಆದ ಮೇಲೆ ಡಾಕ್ಟರಮ್ಮ ಹೇಳಿದಂತೆ ನೋವು ಒಂದು ಸಲ ಕೆರಳಿತು. ಎರಡನೆಯದರ ನಂತರ ಬರಲಿಲ್ಲ. ಪಾದರಸ ಕಾದಳು. ಎಂದೂ ತಪ್ಪಿಸದ ನೆಂಟ ಬಾರದೆ ಹೋದರೆ ಮನೆಯವರು ಬಾಗಿಲಿಗೂ ಒಳಗೂ ಓಡಾಡುವ ಹಾಗೆ ಎರಡು ದಿನ ಓಡಾಡಿದಳು. ಕೊನೆಗೆ ಅಭ್ಯಾಸಬಲದಿಂದ ಮೂಟೆಗಳ ಸಂದಿಗೆ ಹೋಗಿ ಗೋಡೆಗೆ ಒರಗಿ ಕೂತಳು. ಕೂತು ಮಾಡುವುದೇನು? ಬಸ್ಸು ಬಾರದ ನಿಲ್ದಾಣದಲ್ಲಿ ಕೂತ ಹಾಗಾಯಿತು. ಎದ್ದು ಬಂದು ಒಂದು ಮೂಟೆಯನ್ನು ಒಬ್ಬಳೇ ಎಳೆದು ಕಲಸುವ ತೊಟ್ಟಿಗೆ ಸುರಿದಳು. ಅವತ್ತು ರಾತ್ರಿ ಗಂಡನ ಪಕ್ಕದಲ್ಲಿ ಮಲಗಿ, ನಗಲೋ ಅಳಲೋ ತಿಳಿಯದೆ ಅವನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವನು ಕೈ ಸರಿಸದೆ, ಉಸಿರು ಬಿಗಿ ಹಿಡಿದು ಮಲಗಿದ್ದ.

ಆ ಚಳಿಗಾಲದಲ್ಲೇ ಬ್ರೆಡ್ಡು ಕೆಡಲು ಶುರುವಾಯಿತು.

ಒಂದು ಬೆಳಗ್ಗೆ ಹಿಟ್ಟಿನ ಕೋಣೆಯಲ್ಲಿ ಕಾಲಿಟ್ಟಾಗ ಎದೆಯಿಂದ ಒಂದು ಬಿಸಿ ಎದ್ದು, ಕುತ್ತಿಗೆ, ಕೆನ್ನೆ, ಕಿವಿಯವರೆಗೆ ಏರಿತು. ಅಬ್ಬಾ, ಕೋಣೆ ಕಾದುಹೋಗಿದೆ ಅಂದುಕೊಂಡಳು. ಮೇಲಿನ ಕಿಟಕಿ ಪೂರ್ತಿ ತೆಗೆದಳು. ಅವತ್ತಿನ ಬ್ರೆಡ್ಡು ಇಟ್ಟಿಗೆಗೆ ಅಣ್ಣನ ಹಾಗೆ ಬಂತು. ಮಾರನೆಯ ದಿನ ಬಿಸಿ ಏರಿ ಇಳಿದ ಮೇಲೆ ಬೆವರು ಆರಿ ಮೈ ನಡುಗಿತು. ಕಿಟಕಿ ಮುಚ್ಚಿಸಿ ಕುದಿನೀರಿನ ಪಾತ್ರೆಗಳನ್ನು ಒಂದರ ಪಕ್ಕ ಒಂದು ಇಡಿಸಿದಳು. ಹಿಟ್ಟು ಉಬ್ಬಿ, ಹುಳಿಯಾಗಿ, ಭಟ್ಟಿಯೊಳಗೆ ಹೊಟ್ಟೆ ಬಿದ್ದು ಕೂತಿತು. ಎಲ್ಲರೂ ಮೊದಲು ಈಸ್ಟನ್ನು ಬೈದರು. ಹೊಸ ಈಸ್ಟು ಬಂತು. ಮೈದಾವನ್ನು ಬೈದರು. ಹೊಸ ಮೈದಾವೂ ಬಂತು. ಪಾದರಸವನ್ನು ಮಾತ್ರ ಯಾರೂ ಬೈಯಲಿಲ್ಲ. ಸೂರ್ಯ ತಡವಾಗಿ ಹುಟ್ಟಿದ ಎಂದು ಯಾರಾದರೂ ದೂರುತ್ತಾರೆಯೇ?

ಹಾಗಾಗಿ ಉಳಿದವನು ಕೆಂಡ. ಹಾಸ್ಟೆಲ್ಲಿಗೆ ಹೋದ ಬ್ರೆಡ್ಡನ್ನು ಪಾದರಸದ ಗಂಡ ಟ್ರೇ ಸಮೇತ ವಾಪಸು ತಂದ ದಿನ ದೊಡ್ಡಮ್ಮ ಗಲ್ಲಾ ಬಿಟ್ಟು ಎದ್ದಳು. ಅಲ್ಲಿನ ಹುಡುಗಿಯರು ಊಟದ ಮನೆಯಲ್ಲಿ ಅಲ್ಲಾಡುವ ಬೆಂಚಿನ ಕಾಲಿಗೆ ಈ ಬ್ರೆಡ್ಡನ್ನು ಕೊಟ್ಟಿದ್ದಾರೆ, ಬೆಂಚು ಗಟ್ಟಿಯಾಗಿ ನಿಂತಿದೆ ಎಂದು ಅಡುಗೆಯವಳು ಹೇಳಿ ಕಳಿಸಿದ್ದಳು. ಮಂಡಿ ನೋವಿನ ದೊಡ್ಡಮ್ಮ ಭಟ್ಟಿಯವರೆಗೆ ನಡೆದುಬಂದು, ಇಷ್ಟು ವರ್ಷ ತಿಂದ ಅನ್ನಕ್ಕೆ ಇದೇನಾ ಎಂದು ಕೆಂಡನನ್ನು ಕೇಳಿದಳು. ಕಣ್ಣು ಮಂಜಾಗಿದೆ, ಉರಿ ಹದ ತಿಳಿಯುತ್ತಿಲ್ಲ, ಮುಂದಿನ ವಾರದೊಳಗೆ ಬೇರೆಯವನನ್ನು ನೋಡುತ್ತೇನೆ ಎಂದಳು. ಕೆಂಡ ಯಾವ ಮಾತಿಗೂ ಸುಮ್ಮನಿರುವವನಲ್ಲ, ಅವತ್ತು ಸುಮ್ಮನಿದ್ದ. ದೊಡ್ಡಮ್ಮ ಹೋದ ಮೇಲೆ ಬೂದಿ ಕೆದಕುತ್ತಾ, ಪಾದರಸದ ಮುಖ ನೋಡದೆ ಅಂದ:

"ತಂಗೀ, ಯಾರಿಗಾದ್ರೂ ಜ್ವರ ಬಂದ್ರೆ ಪಾದರಸ ಇಟ್ಟು ನೋಡ್ತಾರೆ. ಪಾದರಸಕ್ಕೇ ಜ್ವರ ಬಂದ್ರೆ ಏನಿಟ್ಟು ನೋಡೋದು?"

ಅವಳಿಗೆ ನಗು ಬರಲಿಲ್ಲ. ಚಳಿಯಲ್ಲಿ ಕಿಟಕಿ ತೆರೆದಿದ್ದನ್ನು ಅವನು ದಿನಾ ನೋಡಿದ್ದಾನೆ. ನೋಡಿಯೂ ಬೈಸಿಕೊಂಡಿದ್ದಾನೆ. ಅವಳಿಗೂ ಒಳಗೊಳಗೇ ಗೊತ್ತಾಗಿ ಆಗಲೇ ಎಷ್ಟೋ ದಿನವಾಗಿತ್ತು. ಗೊತ್ತಾದದ್ದನ್ನು ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ. ಡಾಕ್ಟರಮ್ಮ ಮೈ ಬಿಸಿಯೇರುತ್ತದೆ ಎಂದಿದ್ದರು. ಆ ಬಿಸಿ ಕೋಣೆಯ ಬಿಸಿಯ ಹಾಗೆಯೇ ಇರುತ್ತದೆ ಎಂದು ಹೇಳಿರಲಿಲ್ಲ. ಅವರಿಗೇನು ಗೊತ್ತು, ಇವಳ ಅನ್ನ ಇರುವುದೇ ತೋಳಿನ ಚರ್ಮದಲ್ಲಿ ಎಂದು?

ನಿಜ ಹೇಳಿದರೆ ಕೋಣೆ ಹೋಗುತ್ತದೆ. ಹೇಳದಿದ್ದರೆ ಕೆಂಡ ಹೋಗುತ್ತಾನೆ. ಎರಡು ರಾತ್ರಿ ಹೊರಳಾಡಿ ಅವಳು ಮೂರನೆಯ ದಾರಿ ಕಂಡುಕೊಂಡಳು. ಮುಂದಿನ ಇಂಜೆಕ್ಷನ್ ತೆಗೆದುಕೊಳ್ಳದಿದ್ದರೆ ಆಯಿತಲ್ಲ. ಸ್ವಲ್ಪ ಕಾಲಕ್ಕೆ ಚರ್ಮ ತನ್ನದು ತನಗೆ ವಾಪಸು ಬರುತ್ತದೆ, ಬ್ರೆಡ್ಡು ಸರಿಯಾಗುತ್ತದೆ, ಕೆಂಡ ಉಳಿಯುತ್ತಾನೆ, ದೊಡ್ಡಮ್ಮನಿಗೆ ತಿಳಿಯುವುದೂ ಇಲ್ಲ. ನೋವು ಬರುತ್ತದೆ. ಬರಲಿ. ಅದು ಹಳೆಯ ಪರಿಚಯ, ಗೋಡೆ ಎಲ್ಲಿಗೂ ಓಡಿಹೋಗಿಲ್ಲ.

ಆಸ್ಪತ್ರೆಗೆ ಹೋಗುವ ಬೆಳಗ್ಗೆ ಗಂಡನಿಗೆ ವ್ಯಾನು ತರಬೇಡಿ ಅಂದಳು. ಅವನು ಯಾಕೆ ಎಂದು ಕೇಳಿ, ಕೇಳಿಸಿಕೊಂಡು, ಬಹಳ ಹೊತ್ತು ಚಪ್ಪಲಿಯನ್ನೇ ನೋಡಿದ.

"ಬ್ರೆಡ್ಡು ಕೆಟ್ಟಿದ್ದನ್ನೂ ನೋಡಿದ್ದೀನಿ, ನೀನು ನೆಲಕ್ಕೆ ಬಿದ್ದಿದ್ದನ್ನೂ ನೋಡಿದ್ದೀನಿ," ಅಂದ. "ಕೆಟ್ಟ ಬ್ರೆಡ್ಡನ್ನ ಹಂದಿಗಾದ್ರೂ ಹಾಕಬಹುದು."

"ನಿಮಗೆ ಗೊತ್ತಾಗಲ್ಲ ರೀ. ಕೋಣೆ ಹೋದ್ರೆ ಇಲ್ಲಿ ನಾನು ಯಾರು?"

ಬೇಡವೆಂದರೂ ಅವನು ವ್ಯಾನು ತಂದು ಬೇಕರಿಯ ಹಿಂಬಾಗಿಲಲ್ಲಿ ನಿಲ್ಲಿಸಿ, ಅದರೊಳಗೇ ಕೂತ. ಟೈರು ನೋಡಲು ಇಳಿಯಲೂ ಇಲ್ಲ.

ಹಿಟ್ಟು ಅಚ್ಚಿಗೆ ತುಂಬಿ ಹಲಗೆಗೆ ಬಂದಿತ್ತು. ಪಾದರಸ ಒಳಗೆ ಹೋಗಿ ತೋಳು ಒಡ್ಡಿದಳು. ಅದೇ ಹೊತ್ತಿಗೆ ಎದೆಯಿಂದ ಆ ಅಲೆ ಎದ್ದಿತು. ಈಗ ಅವಳು ಮೋಸ ಹೋಗಬಾರದೆಂದು ಹಲ್ಲು ಕಚ್ಚಿ ನಿಂತಳು. ಇದು ನಾನು, ಇದು ಕೋಣೆಯಲ್ಲ ಅಂದುಕೊಂಡಳು. ಹಾಗಾದರೆ ಕೋಣೆ ಹೇಗಿದೆ? ತೋಳನ್ನು ಅಚ್ಚಿನ ತಗಡಿಗೆ ಮುಟ್ಟಿಸಿದಳು, ಗೋಡೆಗೆ ಮುಟ್ಟಿಸಿದಳು, ಹಿಟ್ಟಿನ ಮೇಲೆ ಬೆರಳಿಟ್ಟಳು. ಎಲ್ಲವೂ ತಣ್ಣಗಿದ್ದವು, ಸುಡುವ ಕೈಗೆ ಏನು ಮುಟ್ಟಿದರೂ ತಣ್ಣಗೇ. ಗಲ್ಲದಿಂದ ಬೆವರು ತೊಟ್ಟಿಕ್ಕಿತು. ಉಸಿರು ಕಟ್ಟಿದಂತಾಗಿ ಕಿಟಕಿಯ ಹಗ್ಗ ಜಗ್ಗಿ ಪೂರ್ತಿ ತೆರೆದು, ಅದರ ಕೆಳಗೆ ಮುಖವೊಡ್ಡಿ ನಿಂತಳು.

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಕೆಂಡನ ತಪ್ಪನ್ನು ಕಣ್ಣಾರೆ ಹಿಡಿಯಬೇಕೆಂದು, ಹೇಳದೆ ಕೇಳದೆ, ಗೋಡೆ ಹಿಡಿದುಕೊಂಡು ಬಂದಿದ್ದಳು. ಶಾಲು ಹೊದ್ದಿದ್ದರೂ ಅವಳ ತುಟಿ ನಡುಗುತ್ತಿತ್ತು. ತೆರೆದ ಕಿಟಕಿ ನೋಡಿದಳು, ಮುದುರಿ ಕೂತ ಹಿಟ್ಟು ನೋಡಿದಳು, ಅದಾದ ಮೇಲೆ ಇವಳ ಕೆಂಪೇರಿದ ಕುತ್ತಿಗೆ ನೋಡಿದಳು. ಬಹಳ ಹೊತ್ತು ಅಲ್ಲೇ ನೋಡಿದಳು.

"ಇದು ನನಗೂ ಬಂದಿತ್ತು," ಅಂದಳು ನಿಧಾನವಾಗಿ. "ಐವತ್ತರ ಹತ್ತಿರ. ಅದಕ್ಕೇ ಅಲ್ವಾ ಕೋಣೆ ನಿನಗೆ ಬಿಟ್ಟಿದ್ದು, ಚರ್ಮ ಒಣಗಿತು ಅಂತ ಹೇಳಿ. ನಿನಗೆ ಈಗಲೇ ಯಾಕೆ?"

ಸುಳ್ಳಿಗೆ ಜಾಗವಿರಲಿಲ್ಲ. ಪಾದರಸ ಎಲ್ಲವನ್ನೂ ಹೇಳಿದಳು. ಇಂಜೆಕ್ಷನ್ ಶಕ್ತಿಯದಲ್ಲ, ಮುಟ್ಟು ನಿಲ್ಲಿಸುವುದು ಎಂದಳು. ಬ್ರೆಡ್ಡು ಕೆಡಿಸಿದ್ದು ತಾನು, ಕೆಂಡ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂದಳು. ಇವತ್ತಿಗೆ ನಿಲ್ಲಿಸುತ್ತಿದ್ದೇನೆ, ಇನ್ನು ಸರಿಹೋಗುತ್ತದೆ ಎಂದೂ ಸೇರಿಸಿದಳು. ದೊಡ್ಡಮ್ಮನಿಗೆ ಕೋಪ ಬಂದದ್ದು ಬ್ರೆಡ್ಡಿಗಲ್ಲ. ತನ್ನ ಬೆನ್ನ ಹಿಂದೆ ಎಲ್ಲರೂ ಸೇರಿ ನಾಟಕವಾಡಿದರಲ್ಲ, ಆ ಟೈರಿನವನೂ ಸೇರಿ, ಎಂದು ಹಂಗಿಸಿದಳು. ನಿಲ್ಲಿಸು, ಈಗಲೇ ನಿಲ್ಲಿಸು, ದೇಹಕ್ಕೆ ಅದರದೇ ದಾರಿಯಿದೆ, ಅದಕ್ಕೆ ಅಡ್ಡಗೋಡೆ ಕಟ್ಟಬಾರದು ಎಂದಳು.

"ನಾನು ಹೊತ್ತಿಲ್ವಾ? ಎಲ್ಲರೂ ಹೊರಲ್ವಾ?"

"ಎಲ್ಲರೂ ಹೊರಲ್ಲ ದೊಡ್ಡಮ್ಮ," ಅಂದಳು ಪಾದರಸ. ಅಷ್ಟು ಮೆತ್ತಗೆ ಅವಳು ಎಂದೂ ಮಾತಾಡಿರಲಿಲ್ಲ. "ಡಾಕ್ಟರಮ್ಮ ಹೇಳಿದ್ರು. ಒಂದಷ್ಟು ನೋವು ಬಹಳ ಜನಕ್ಕೆ ಇರುತ್ತೆ. ನೆಲಕ್ಕೆ ಬೀಳೋ ಹಂಗೆ ಇರಲ್ಲ. ನೀನು ನನ್ನನ್ನ ಆ ಸಂದಿಯಲ್ಲಿ ಮೊದಲ ಸಲ ಕೂರಿಸಿದಾಗಲೇ ಅಲ್ಲಿನ ಇಟ್ಟಿಗೆ ನುಣ್ಣಗಿತ್ತು. ಎಷ್ಟು ವರ್ಷ ಒರಗಿದ್ದೆ ನೀನು?"

ದೊಡ್ಡಮ್ಮ ಹಲಗೆಯ ಅಂಚನ್ನು ಹಿಡಿದುಕೊಂಡಳು. ಮೂಟೆಗಳನ್ನು ಯಾಕೆ ಸರಿಸಬಾರದು ಎಂದು ಕೇಳಿದವರಿಗೆಲ್ಲ ಜರಡಿಯ ಮಾತು ಹೇಳಿ ಬಾಯಿ ಮುಚ್ಚಿಸಿದ್ದ ಹೆಂಗಸು ಅವಳು. ಆ ಸಂದನ್ನು ಒಬ್ಬರೂ ಕಾಣದ ಹಾಗೆ ಮೂಟೆ ಪೇರಿಸುವುದನ್ನು ಪ್ರತಿ ಲಾರಿಗೂ ತಾನೇ ನಿಂತು ಮಾಡಿಸುತ್ತಿದ್ದವಳು.

"ಈಗ ನೋವಿಲ್ವಾ?" ಎಂದು ಕೇಳಿದಳು ಕೊನೆಗೆ.

"ಇಲ್ಲ."

"ಒಂದಿಷ್ಟೂ?"

"ಒಂದಿಷ್ಟೂ ಇಲ್ಲ."

ಆ ಮಾತನ್ನು ಅವಳು ನಂಬಲು ಹೊತ್ತು ಹಿಡಿಯಿತು. ಅಪರಿಚಿತ ಊರಿನ ಸುದ್ದಿ ಕೇಳುವವಳ ಹಾಗೆ, ಕೂತರೂ ಇಲ್ಲವಾ, ಭಾರ ಎತ್ತಿದರೂ ಇಲ್ಲವಾ ಎಂದು ಕೇಳಿದಳು. ಅದಾದ ಮೇಲೆ ಇದಕ್ಕೆ ಸಂಬಂಧವೇ ಇಲ್ಲದ ಹಾಗೆ ತಂಗಿಯ ಮಾತೆತ್ತಿದಳು.

"ನಿಮ್ಮಮ್ಮ ಆ ದಿನಗಳಲ್ಲೂ ಹಗ್ಗ ಹಾರ್ತಿದ್ಲು ಕಣೇ. ಅಂಗಳದಲ್ಲಿ, ಜಡೆ ಕುಣಿಸ್ಕೊಂಡು. ನೋವನ್ನ ಎಷ್ಟು ಚೆನ್ನಾಗಿ ಮುಚ್ಚಿಡ್ತಾಳೆ, ನಾಟಕದವಳು, ಅಂದ್ಕೊಳ್ತಿದ್ದೆ. ನನಗೆ ಯಾಕೆ ಆಗಲ್ಲ ಅಂತ ಅವಳ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡಿದ್ದೀನಿ. ಅವಳಿಗೆ ನೋವೇ ಇರ್ಲಿಲ್ಲ ಅಂತೀಯಾ ಹಂಗಾದ್ರೆ."

ಹಿಂಬಾಗಿಲಲ್ಲಿ ವ್ಯಾನಿನ ಬಾಗಿಲು ಒಮ್ಮೆ ತೆರೆದು ಮುಚ್ಚಿದ ಸದ್ದಾಯಿತು.

ದೊಡ್ಡಮ್ಮ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು, ಗಲ್ಲಾದ ಮುಂದಿನ ದನಿಗೆ ಮರಳಿದಳು. ಅವನು ಎಷ್ಟು ಹೊತ್ತಿಂದ ಕಾಯುತ್ತಿದ್ದಾನೆ ಎಂದು ಕೇಳಿದಳು. ಹೋಗು ಅಂದಳು.

"ಕೋಣೆ?"

"ಕೋಣೆ ಎಲ್ಲಿಗೂ ಹೋಗಲ್ಲ. ಹಿಟ್ಟು ಹಾಳಾದ್ರೆ ನಾಳೆ ಮತ್ತೆ ಕಲಸ್ತೀವಿ. ನಾನು ಆ ಗೋಡೆಗೆ ಒರಗಿದ ವರ್ಷಗಳನ್ನ ಯಾವ ತೊಟ್ಟೀಲಿ ಕಲಸ್ಲಿ? ಹೋಗು ಅಂದ್ನಲ್ಲ."

ವ್ಯಾನು ಹೊರಡುವಾಗ ಒಳಗಿನಿಂದ ಅವಳ ಕೂಗು ಕೇಳುತ್ತಿತ್ತು. ಕೆಂಡನನ್ನು ಕರೆದು ತೋಳು ಚಾಚಲು ಹೇಳುತ್ತಿದ್ದಳು. ಭಟ್ಟಿಯಲ್ಲಿ ಸುಟ್ಟು ಕರಕಲಾದ ಈ ತೋಳಿಗೆ ನರಕವೂ ತಣ್ಣಗೇ ಇರುತ್ತದೆ ಅಮ್ಮಾವ್ರೇ, ನನ್ನನ್ನು ನಂಬಬೇಡಿ ಎಂದು ಅವನು ಹೇಳುತ್ತಿದ್ದ.

ಡಾಕ್ಟರಮ್ಮ ಬಿಸಿಯ ವಿಷಯ ಕೇಳಿದ ಕೂಡಲೇ ಮೊದಲು ವಿಚಾರಿಸಿದ್ದು ಸಣ್ಣ ಮಾತ್ರೆಯ ಬಗ್ಗೆ. ಪಾದರಸ ಚಕ್ಕೆಯ ತರ್ಕ ಹೇಳಿದಳು. ಅವರಿಗೆ ನಗು ಬಂತು, ತಡೆದುಕೊಂಡರು. ತಪ್ಪು ನನ್ನದೂ ಇದೆ, ಸೌದೆಯ ಹೋಲಿಕೆ ಕೊಟ್ಟವಳು ನಾನೇ ಎಂದರು. ಆ ಮಾತ್ರೆಯಲ್ಲಿರುವುದು ಕಾಯಿಲೆಯನ್ನು ಹೊತ್ತಿಸುವಷ್ಟಲ್ಲ, ಮೂಳೆಯನ್ನೂ ಮೈಯನ್ನೂ ಕಾಯುವಷ್ಟು ಮಾತ್ರ. ಇಂಜೆಕ್ಷನ್ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ, ಬಿಸಿ ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ ಎಂದರು. ಅಷ್ಟು ಕೇಳಿದ ಮೇಲೆ ಅವಳಿಗೆ ತಾನೇ ಹೊಳೆಯಿತು. ಇಟ್ಟಿಗೆ ಭಟ್ಟಿಯನ್ನು ರಜೆಯಲ್ಲೂ ಯಾರೂ ಪೂರ್ತಿ ತಣ್ಣಗಾಗಲು ಬಿಡುವುದಿಲ್ಲ. ಬೂದಿಯಡಿ ಒಂದಿಷ್ಟು ಉರಿ ಮುಚ್ಚಿಟ್ಟಿರುತ್ತಾರೆ, ಇಲ್ಲದಿದ್ದರೆ ಇಟ್ಟಿಗೆ ಬಿರುಕು ಬಿಡುತ್ತದೆ. ಇಷ್ಟು ಗೊತ್ತಿದ್ದವಳಿಗೆ ಅಷ್ಟು ತಿಳಿಯಲಿಲ್ಲ.

ಇಂಜೆಕ್ಷನ್ ಮುಗಿದ ಮೇಲೆ ನೋವು ಮತ್ತೆ ಬರುತ್ತದೆಯೇ ಎಂದು ಕೇಳಿದಳು. ಡಾಕ್ಟರಮ್ಮ ಬರುವುದಿಲ್ಲ ಎನ್ನಲಿಲ್ಲ. ಬರಬಹುದು, ಆಗ ಬೇರೆ ಮಾತ್ರೆ ನೋಡೋಣ, ಇದು ಬೇರು ಸಮೇತ ಕೀಳುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿ ಇಡುವ ಕಾಯಿಲೆ ಎಂದರು. ಒಂದು ಮಾತು ದೊಡ್ಡಮ್ಮನಿಗಾಗಿ ಕೇಳಬೇಕು ಎಂದುಕೊಂಡಿದ್ದಳು, ಮುಟ್ಟು ನಿಂತು ವರ್ಷಗಳಾದವರಿಗೆ ಏನಾದರೂ ಉಂಟೇ ಎಂದು. ಕೇಳಲು ಹೋಗಿ ಸುಮ್ಮನಾದಳು. ಹೋದ ನೋವಿಗೆ ಯಾವ ಅಂಗಡಿಯಲ್ಲಿ ಔಷಧ ಸಿಗುತ್ತದೆ?

ಬರುವ ದಾರಿಯಲ್ಲಿ ಗಂಡ ಒಂದು ಅಂಗಡಿಯ ಮುಂದೆ ನಿಲ್ಲಿಸಿ, ಇಳಿದುಹೋಗಿ, ಕಾಗದದಲ್ಲಿ ಸುತ್ತಿದ ಏನನ್ನೋ ತಂದು ಅವಳ ತೊಡೆಯ ಮೇಲಿಟ್ಟ. ಗಾಜಿನ ಉಷ್ಣಮಾಪಕ. ಒಳ್ಳೆಯದೇ. ಆದರೂ ಅವಳ ಕಣ್ಣಲ್ಲಿ ನೀರು ಬಂತು. ಅವನು ಗಾಬರಿಯಾಗಿ, ಬೇಡವಾದರೆ ವಾಪಸು ಕೊಡುತ್ತೇನೆ ಅಂದ. ಬೇಡ, ಇರಲಿ, ಕೆಂಡನ ಟೋಪಿಗೆ ಬೇರೆ ಮೊಳೆ ಹೊಡೆಸಬೇಕು ಅಷ್ಟೆ ಎಂದಳು.

ಅವತ್ತಿನ ಬ್ರೆಡ್ಡು ಬೆಂಚಿಗೆ ಕೊಡುವ ಹಾಗೂ ಇರಲಿಲ್ಲ, ಹೊಗಳುವ ಹಾಗೂ ಇರಲಿಲ್ಲ. ತಿನ್ನಬಹುದಾಗಿತ್ತು. ಹೊಸಬನನ್ನು ನೋಡುವ ಮಾತನ್ನು ದೊಡ್ಡಮ್ಮ ಮತ್ತೆ ಎತ್ತಲಿಲ್ಲ. ಜೀವನದಲ್ಲಿ ಮೊದಲ ಸಲ ಆಡಿದ ಮಾತು ತಪ್ಪಿದಳು ಎಂದು ಕೆಂಡ ಆಮೇಲೆ ಹೇಳಿಕೊಂಡು ತಿರುಗಿದ. ಕ್ಷಮೆ ಕೇಳುವುದು ಅವಳ ಜಾಯಮಾನವಲ್ಲ. ಅವನ ಲೋಟಕ್ಕೆ ತಾನೇ ಚಹಾ ಬಗ್ಗಿಸಿ, ಸಕ್ಕರೆ ಸಾಕಾ ಎಂದು ಕೇಳಿದಳು. ಅವನು ಹೆದರಿ, ಸಾಕು ಎಂದ. ಅದರಲ್ಲಿ ಸಕ್ಕರೆಯೇ ಇರಲಿಲ್ಲ.

ಮಾತ್ರೆ ನುಂಗಲು ಶುರು ಮಾಡಿದ ಮೇಲೆ ಬಿಸಿ ಅಪರೂಪವಾಯಿತು, ನಿಲ್ಲಲಿಲ್ಲ. ಪಾದರಸ ಈಗಲೂ ಕೋಣೆಗೆ ಹೋಗಿ ತೋಳು ಒಡ್ಡುತ್ತಾಳೆ. ಒಡ್ಡಿ, ಒಂದು ಅಂಕಿ ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಗಾಜು ನೋಡುತ್ತಾಳೆ. ಕೆಲವು ದಿನ ಎರಡೂ ಒಂದೇ ಹೇಳುತ್ತವೆ. ಕೆಲವು ದಿನ ಇಲ್ಲ. ಇಲ್ಲದ ದಿನ ಗಾಜಿನ ಮಾತನ್ನೇ ಕೇಳಿ ಕಿಟಕಿ ಸರಿಮಾಡುತ್ತಾಳೆ, ಆದರೆ ಆ ದಿನವೆಲ್ಲ ಯಾರೊಂದಿಗೂ ಹೆಚ್ಚು ಮಾತಾಡುವುದಿಲ್ಲ.

ಮುಂದಿನ ಲಾರಿ ಬಂದಾಗ ದೊಡ್ಡಮ್ಮ ಕೆಂಡನನ್ನು ಕರೆದು, ಮೂಟೆಗಳನ್ನೆಲ್ಲ ಆಚೆ ಕೋಣೆಗೆ ಹಾಕಿಸು ಎಂದಳು. ಇಷ್ಟು ವರ್ಷ ಹೇಳಿದ್ದು ಇವತ್ತು ಕಿವಿಗೆ ಬಿತ್ತಾ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ. ಒಂದೊಂದೇ ಮೂಟೆ ಸರಿದ ಹಾಗೆ ಗೋಡೆ ಕಾಣಿಸಿತು. ಕೂತ ಹೆಂಗಸಿನ ಸೊಂಟದ ಎತ್ತರದಲ್ಲಿ ಇಟ್ಟಿಗೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ದೊಡ್ಡಮ್ಮ ಅದನ್ನು ನೋಡದವಳ ಹಾಗೆ ಲಾರಿಯವನ ಜೊತೆ ಜಗಳಕ್ಕೆ ನಿಂತಳು.

ಕೊನೆಗೆ ಎರಡು ಮೂಟೆ ಉಳಿದವು. ಕೆಂಡ ಒಂದಕ್ಕೆ ಕೈ ಹಾಕಿದಾಗ ಪಾದರಸ, ಅವು ಅಲ್ಲೇ ಇರಲಿ ಎಂದಳು.

ದೊಡ್ಡಮ್ಮ ಜಗಳ ನಿಲ್ಲಿಸಿ ಇತ್ತ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೆಂಡ ಒಮ್ಮೆ ಅವಳ ಮುಖ, ಒಮ್ಮೆ ಇವಳ ಮುಖ ನೋಡಿ ಮೂಟೆಯ ಕಿವಿ ಬಿಟ್ಟ.

"ಹುಳ ಬಿದ್ರೆ?" ಅಂದ.

"ಜರಡಿ ಹಿಡಿದ್ರಾಯ್ತು," ಅಂದಳು ಪಾದರಸ.